"ಅದು ಹಾಗೇ ಮೇಡಂ..."

ಆಟೋಮ್ಯಾಟಿಕ್ ಕಾರು ತಗೊಂಡೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಮಾತು. "ಆರಾಮ ಅಲ್ವಾ?"

ಹೌದು, ಆರಾಮವೇ. ಎಡಗಾಲಿಗೆ ಕೆಲಸ ಇಲ್ಲ. ಹನ್ನೆರಡು ವರ್ಷ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಕ್ಲಚ್ ತುಳಿದೂ ತುಳಿದೂ ನನ್ನ ಎಡ ಮಂಡಿ ಮುಷ್ಕರ ಹೂಡಿತ್ತು. "ಇನ್ನು ಕ್ಲಚ್ ಸಹವಾಸ ಬಿಡಿ" ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಬಂದ ಕಾರು ಇದು. ಯಾವ ಕಂಪನಿ ಅಂತ ಮಾತ್ರ ಕೇಳಬೇಡಿ, ಈಗ ಹೆಚ್ಚುಕಮ್ಮಿ ಎಲ್ಲರೂ ಇಂಥದ್ದನ್ನ ಮಾಡ್ತಾರೆ. ಕಾಲಿಗೇನೋ ಆರಾಮ ಸಿಕ್ಕಿತು. ಕತ್ತಿಗೆ ಸಿಗಲಿಲ್ಲ.

ಮೊದಲ ದಿನದಿಂದಲೂ ಒಂದು ವಿಷಯ ಗೊತ್ತಿತ್ತು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಕಾರು ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಮುಂದಕ್ಕೆ ಹೋಗುತ್ತೆ. ಒಳಗೆ ಕೂತವರೆಲ್ಲ ಒಟ್ಟಿಗೇ ತಲೆಯಾಡಿಸ್ತೀವಿ, ಹರಿಕಥೆ ಕೇಳ್ತಾ ಕೂತವರ ಥರ :) ಇದನ್ನ ತಗೊಳ್ಳೋವಾಗಲೇ ಹೇಳಿದ್ರು, ನಾನೂ ಒಪ್ಪಿಕೊಂಡಿದ್ದೆ. ನನ್ನ ಜಗಳ ಅದರ ಜೊತೆ ಅಲ್ಲ.

ಐದನೇ ತಿಂಗಳಿಂದ ಶುರುವಾಗಿದ್ದು ಬೇರೆಯದೇ ಕಥೆ. ಹಂಪಿಗೆ ಅಂತ ನಿಧಾನ ಮಾಡಿ ಮತ್ತೆ ಆಕ್ಸಿಲರೇಟರ್ ಮುಟ್ಟಿದರೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಧಡ್ ಅಂತ ಒಂದು ಜರ್ಕು. ಟ್ರಾಫಿಕ್ಕಿನಲ್ಲಿ ತೆವಳುವಾಗ ಇಡೀ ಕಾರು ಚಳಿ ಬಂದವರ ಹಾಗೆ ಗಡಗಡ. ನಾನೊಬ್ಬಳೇ ಇದ್ದಿದ್ರೆ ಸುಮ್ಮನಿರ್ತಿದ್ದೆನೋ ಏನೋ. ಆದರೆ ವಾರಕ್ಕೆ ಮೂರು ದಿನ ಪಕ್ಕದ ಸೀಟಿನಲ್ಲಿ ಅಪ್ಪ. ಬೆನ್ನಿನ ಆಪರೇಷನ್ ಆಗಿ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗ್ತಿದ್ದ ದಿನಗಳು ಅವು. ಒಂದೊಂದು ಜರ್ಕಿಗೂ ಅಪ್ಪನ ಕೈ ಬಾಗಿಲ ಮೇಲಿನ ಹಿಡಿಕೆಗೆ ಹೋಗುತ್ತಿತ್ತು. ನೋವಾಯ್ತಾ ಅಂದ್ರೆ, "ಏನಿಲ್ಲ ಕಣಮ್ಮ, ನೀನು ರಸ್ತೆ ನೋಡು" ಅನ್ನೋರು. ಆ "ಏನಿಲ್ಲ" ಕೇಳೋದು ಎಷ್ಟು ಕಷ್ಟ ಅಂತ ವಯಸ್ಸಾದ ಅಪ್ಪ ಅಮ್ಮ ಇರೋರಿಗೆ ನಾನು ಹೇಳಬೇಕಾಗಿಲ್ಲ.

ಸರ್ವೀಸ್ ಸೆಂಟರಿಗೆ ಹೋದೆ. ಅಡ್ವೈಸರ್ ಹುಡುಗ ನಗುನಗುತ್ತಲೇ ಮಾತಾಡಿದ. ಕಾರು ತಗೊಂಡು ಹೋಗಿ ಹತ್ತು ನಿಮಿಷಕ್ಕೆ ವಾಪಸ್ ಬಂದ. "ಏನೂ ಪ್ರಾಬ್ಲಂ ಇಲ್ಲ ಮೇಡಂ. ಎ.ಎಂ.ಟಿ. ಅಂದ್ರೆ ಅದು ಹಾಗೇ. ಆಮೇಲೆ ನೀವು ಮೊದಲು ಮ್ಯಾನುಯಲ್ ಓಡಿಸ್ತಿದ್ರಲ್ವಾ, ಡ್ರೈವಿಂಗ್ ಸ್ಟೈಲ್ ಸ್ವಲ್ಪ ಚೇಂಜ್ ಮಾಡ್ಕೋಬೇಕು." ಜಾಬ್ ಕಾರ್ಡಿನಲ್ಲಿ ಒಂದೇ ಸಾಲು: ಪರೀಕ್ಷಿಸಲಾಗಿದೆ, ಸರಿಯಾಗಿದೆ.

ಎರಡನೇ ಸಲ ಹೋದಾಗ ಅದೇ ಉತ್ತರ, ಜೊತೆಗೆ ಒಂದು ಪ್ರಶ್ನೆ. "ಸರ್ ಬಂದಿಲ್ವಾ ಮೇಡಂ?"

ಸರ್‌ಗೆ ಡ್ರೈವಿಂಗೇ ಬರಲ್ಲ ಅಂತ ಹೇಳಿ ಬಂದೆ.

ಮನೆಗೆ ಬಂದ ಮೇಲೆ ತಲೆಯಲ್ಲಿ ಕೊರೆಯುತ್ತಿದ್ದಿದ್ದು ಒಂದೇ. "ಅದು ಹಾಗೇ" ಅಂದ್ರೆ ಹೇಗೆ? ಎಷ್ಟರ ಮಟ್ಟಿಗೆ ಹಾಗೆ? ಅದಕ್ಕೆ ಉತ್ತರ ಬೇಕಾದರೆ ಗೇರ್‌ಬಾಕ್ಸ್ ಒಳಗೆ ಏನು ನಡೆಯುತ್ತೆ ಅಂತ ತಿಳಿಯಲೇಬೇಕಿತ್ತು. ಒಂದು ವಾರ ಅದನ್ನೇ ಓದಿದೆ. ಓದಿದ್ದನ್ನ ನನಗೆ ಅರ್ಥವಾದ ಭಾಷೆಯಲ್ಲಿ ಇಲ್ಲಿ ಹೇಳ್ತೀನಿ.

ನಾವು "ಆಟೋಮ್ಯಾಟಿಕ್" ಅಂತ ಒಂದೇ ಹೆಸರಲ್ಲಿ ಕರೆಯೋದರಲ್ಲಿ ನಾಲ್ಕು ಜಾತಿ ಇವೆ. ಹಳೇದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನುಗಳನ್ನ ಎದುರುಬದುರು ಇಟ್ಟು ಒಂದನ್ನ ಹಚ್ಚಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತಲ್ಲ, ಅದೇ ತತ್ವ. ಗಾಳಿಯ ಬದಲು ಎಣ್ಣೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡಿದ್ದು ಕಾರಿಗಲ್ಲ, ಹಡಗಿಗೆ. ಮಧ್ಯೆ ಎಣ್ಣೆ ಇರೋದರಿಂದ ಗೇರು ಬದಲಾಗೋದು ನಯವಾಗಿರುತ್ತೆ. ಎರಡನೇದು ಸಿ.ವಿ.ಟಿ. ಇದರಲ್ಲಿ ಗೇರುಗಳೇ ಇಲ್ಲ. ಅಗಲ ಕಿರಿದಾಗೋ ಎರಡು ರಾಟೆ, ಅವುಗಳ ಮಧ್ಯೆ ಒಂದು ಬೆಲ್ಟ್. ಬದಲಾಗೋ ಗೇರೇ ಇಲ್ಲದ ಮೇಲೆ ಜರ್ಕಿಗೆ ಜಾಗವೂ ಕಮ್ಮಿ. ಮೂರನೇದು ಡಿ.ಸಿ.ಟಿ. ಎರಡು ಕ್ಲಚ್ಚು, ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಎರಡನೇ ಗೇರಲ್ಲಿ ಓಡುವಾಗಲೇ ಮೂರನೇದು ರೆಡಿಯಾಗಿ ಕಾಯ್ತಿರುತ್ತೆ.

ನಾಲ್ಕನೇದು ನಮ್ಮದು, ಎ.ಎಂ.ಟಿ. ನಿಜ ಹೇಳಬೇಕಂದ್ರೆ ಇದು ಹೊಸ ಗೇರ್‌ಬಾಕ್ಸೇ ಅಲ್ಲ. ಹಳೇ ಮ್ಯಾನುಯಲ್ ಗೇರ್‌ಬಾಕ್ಸು, ಅದೇ ಕ್ಲಚ್ಚು. ನಮ್ಮ ಕಾಲಿನ ಬದಲು, ಕೈಯ ಬದಲು ಒಂದು ಯಂತ್ರ ಕೂರಿಸಿರ್ತಾರೆ. ಅದಕ್ಕೆ ಆಕ್ಚುಯೇಟರ್ ಅಂತ ಹೆಸರು. ಯಾವಾಗ ಕ್ಲಚ್ ಒತ್ತಬೇಕು, ಯಾವಾಗ ಬಿಡಬೇಕು ಅಂತ ಒಂದು ಪುಟ್ಟ ಕಂಪ್ಯೂಟರ್ ಅದಕ್ಕೆ ಹೇಳುತ್ತೆ. ಬೆಲೆ ಕಮ್ಮಿ, ಮೈಲೇಜ್ ಮ್ಯಾನುಯಲ್ಲಿನಷ್ಟೇ. 2014ರಲ್ಲಿ ಮಾರುತಿಯ ಸೆಲೆರಿಯೋ ಜೊತೆ ಬಂದ ಮೇಲೆ ನಮ್ಮಂಥ ಮಧ್ಯಮ ವರ್ಗದವರಿಗೂ ಆಟೋಮ್ಯಾಟಿಕ್ ಕೈಗೆಟುಕಿದ್ದು ಈ ದಾರಿಯಲ್ಲೇ.

ಈಗ ತಲೆಯಾಡಿಸೋ ವಿಷಯಕ್ಕೆ ಬರೋಣ. ಗೇರು ಬದಲಿಸಬೇಕಾದರೆ ಈ ಯಂತ್ರ ಇಂಜಿನ್ನಿನ ಶಕ್ತಿ ತಗ್ಗಿಸಬೇಕು, ಕ್ಲಚ್ ಬಿಡಿಸಬೇಕು, ಹಳೇ ಗೇರು ತೆಗೆದು ಹೊಸದು ಹಾಕಬೇಕು, ಮತ್ತೆ ಕ್ಲಚ್ ಕೂಡಿಸಬೇಕು. ಅಷ್ಟು ಹೊತ್ತು ಚಕ್ರಕ್ಕೆ ಇಂಜಿನ್ನಿನ ಸಂಬಂಧವೇ ಇಲ್ಲ. ಅದಕ್ಕೇ ಮೈ ಮುಂದಕ್ಕೆ ವಾಲುತ್ತೆ, ಮತ್ತೆ ಶಕ್ತಿ ಬಂದಾಗ ಹಿಂದಕ್ಕೆ. ಮ್ಯಾನುಯಲ್ಲಿನಲ್ಲೂ ಇಷ್ಟೇ ನಡೆಯೋದು. ಆದರೆ ಅಲ್ಲಿ ಕ್ಲಚ್ ಒತ್ತೋದು ನಮ್ಮದೇ ಕಾಲು, ಹಾಗಾಗಿ ಕತ್ತಿಗೆ ಮೊದಲೇ ಸುದ್ದಿ ಹೋಗಿರುತ್ತೆ. ಇಲ್ಲಿ ಸುದ್ದಿ ಹೋಗಲ್ಲ. ಇಷ್ಟು ಮಾತ್ರ ಈ ಗೇರ್‌ಬಾಕ್ಸಿನ ಸ್ವಭಾವ. "ಅದು ಹಾಗೇ" ಅನ್ನೋದು ಇಲ್ಲಿವರೆಗೆ ಸತ್ಯ.

ಇದರಾಚೆಗಿನದ್ದು ಸ್ವಭಾವ ಅಲ್ಲ, ಕಾಯಿಲೆ. ಕ್ಲಚ್ ಬಿಡ್ತಾ ಬರುವಾಗ ಒಂದು ಜಾಗದಲ್ಲಿ ಅದು ಕಚ್ಚಿಕೊಳ್ಳುತ್ತೆ. ಮ್ಯಾನುಯಲ್ ಓಡಿಸಿದವರ ಕಾಲಿಗೆ ಆ ಜಾಗ ಚೆನ್ನಾಗಿ ಗೊತ್ತು. ಹೊಸದರಲ್ಲಿ ಒಂದು ಕಡೆ, ಪ್ಲೇಟ್ ಸವೆಯುತ್ತಾ ಹೋದ ಹಾಗೆ ಇನ್ನೊಂದು ಕಡೆ. ಕಾಲು ಅದನ್ನ ತಾನಾಗೇ ಕಲಿಯುತ್ತೆ. ಇಲ್ಲಿ ಕಂಪ್ಯೂಟರ್ ಕಲೀಬೇಕು. ಅದು ನೆನಪಿಟ್ಟುಕೊಂಡ ಜಾಗ ಒಂದು, ನಿಜವಾಗಿ ಕಚ್ಚೋ ಜಾಗ ಇನ್ನೊಂದು ಆದರೆ? ಹೊಸದಾಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದವರು ಕ್ಲಚ್ ಬಿಟ್ಟ ಹಾಗೆ, ಧಡ್! ಇನ್ನು ತೆವಳೋ ಟ್ರಾಫಿಕ್ಕಿನಲ್ಲಿ ಕ್ಲಚ್ ಪೂರ್ತಿ ಕೂಡದೆ ಅರ್ಧಂಬರ್ಧ ಉಜ್ಜುತ್ತಾ ಇರುತ್ತೆ. ಉಜ್ಜಿದರೆ ಬಿಸಿ. ಬಿಸಿಯಾದರೆ ಹಿಡಿತ ಹದ ತಪ್ಪುತ್ತೆ, ಕಾರು ನಡುಗುತ್ತೆ.

ಇಲ್ಲೇ ನನಗೆ ಒಂದು ಎಳೆ ಸಿಕ್ಕಿದ್ದು. ಸರ್ವೀಸ್ ಸೆಂಟರಿನವರು ಓಡಿಸಿದ್ದು ತಣ್ಣಗಿದ್ದ ಕಾರನ್ನ, ಬೆಳಿಗ್ಗೆ ಹತ್ತು ಗಂಟೆಗೆ, ಖಾಲಿ ಅಡ್ಡರಸ್ತೆಯಲ್ಲಿ. ಅವರಿಗೆ ಹೇಗೆ ಸಿಗಬೇಕು!

ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಗಾಡಿ ನಿಲ್ಲಿಸಿದ ಮೇಲೆ ಬರೆಯೋದು: ಎಷ್ಟು ಹೊತ್ತು ಓಡಿಸಿದ ಮೇಲೆ ಜರ್ಕ್ ಬಂತು, ಮೀಟರಿನಲ್ಲಿ ಯಾವ ಗೇರು ತೋರಿಸ್ತಿತ್ತು, ಏರಾ ಸಮತಟ್ಟಾ. ಎರಡು ದಿನ ಗೇರನ್ನ ಮ್ಯಾನುಯಲ್ ಮೋಡಿಗೆ ಹಾಕಿ ನಾನೇ ಬದಲಿಸಿ ನೋಡಿದೆ, ಆಗಲೂ ಜರ್ಕು ಬಂತು. ಹನ್ನೊಂದು ದಿನಕ್ಕೆ ಹತ್ತೊಂಬತ್ತು ಜರ್ಕುಗಳ ಲೆಕ್ಕ. ಅದರಲ್ಲಿ ಹದಿನಾರು ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿದ ಮೇಲೆ, ಎರಡರಿಂದ ಒಂದಕ್ಕೆ ಇಳಿಯುವಾಗ. ಡ್ರೈವಿಂಗ್ ಸ್ಟೈಲ್ ಬೆಳಿಗ್ಗೆ ಒಂದು, ಸಂಜೆ ಒಂದು ಇರುತ್ತಾ ನೀವೇ ಹೇಳಿ.

ಇದೇ ಹೊತ್ತಿಗೆ ಓದಿದ ಇನ್ನೊಂದು ವಿಷಯ ನನಗೆ ತುಂಬಾ ಧೈರ್ಯ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳ ಪವರ್‌ಶಿಫ್ಟ್ ಅನ್ನೋ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಹೀಗೇ ನಡುಗುತ್ತಿತ್ತಂತೆ. ದೂರು ಕೊಟ್ಟವರಿಗೆ ಸಿಕ್ಕ ಉತ್ತರಗಳಲ್ಲಿ ಒಂದು ಏನು ಗೊತ್ತಾ? ನಿಮ್ಮ ಡ್ರೈವಿಂಗ್ ಸ್ಟೈಲ್! ದೋಷ ಇರೋದು ಗೊತ್ತಿದ್ದೂ ಹಾಗೆ ಹೇಳಿದ್ದಕ್ಕೆ ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. ಫೆಡರಲ್ ಕೋರ್ಟು 2018ರಲ್ಲಿ ಫೋರ್ಡ್ ಆಸ್ಟ್ರೇಲಿಯಾಗೆ ಹಾಕಿದ ದಂಡ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್. ಅಂದ್ರೆ ಈ "ನಿಮ್ಮ ಡ್ರೈವಿಂಗು" ಅನ್ನೋ ಮಾತು ನನ್ನೊಬ್ಬಳಿಗೆ, ನಮ್ಮೂರಲ್ಲಿ ಮಾತ್ರ ಹೇಳಿದ್ದಲ್ಲ.

ಮೂರನೇ ಸಲ ಹೋದಾಗ ಎರಡೇ ಬೇಡಿಕೆ ಇಟ್ಟೆ. ಒಂದು, ಇದೇ ಮಾಡೆಲ್ಲಿನ ಟೆಸ್ಟ್ ಡ್ರೈವ್ ಕಾರನ್ನ ನಾನು ಓಡಿಸಬೇಕು. ಎರಡು, ನನ್ನ ಕಾರನ್ನ ನಿಮ್ಮ ಮೆಕ್ಯಾನಿಕ್ ಓಡಿಸಬೇಕು, ನಾನು ಹಿಂದೆ ಕೂರ್ತೀನಿ. ಎರಡೂ ಸಂಜೆ ಆರು ಗಂಟೆಗೆ, ಎರಡೂ ಬನಶಂಕರಿಯಿಂದ ಸಾರಕ್ಕಿ ಸಿಗ್ನಲ್ ದಾಟೋ ಅದೇ ರಸ್ತೆಯಲ್ಲಿ. ಹುಡುಗ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ನೋಟ್‌ಬುಕ್ ಕಡೆ ನೋಡಿದರು.

ಟೆಸ್ಟ್ ಡ್ರೈವ್ ಕಾರು ತಲೆಯಾಡಿಸಿತು. ಮುಕ್ಕಾಲು ಗಂಟೆ ಓಡಿಸಿದರೂ ಧಡ್ ಅನ್ನಲಿಲ್ಲ, ನಡುಗಲಿಲ್ಲ.

ನನ್ನ ಕಾರು ಓಡಿಸೋಕೆ ಬಂದವರು ಐವತ್ತು ದಾಟಿದ ಹಿರಿಯ ಮೆಕ್ಯಾನಿಕ್ಕು. ಮಾತು ಕಮ್ಮಿ. ಮೊದಲ ಇಪ್ಪತ್ತೈದು ನಿಮಿಷ ಕಾರು ಬಂಗಾರದಂಥ ಕಾರು! ನನಗೆ ಒಳಗೊಳಗೇ ಅಳುಕು, ಇವತ್ತೇ ಕೈ ಕೊಡುತ್ತಾ ಅಂತ. ಸಾರಕ್ಕಿ ಹತ್ತಿರ ನಿಂತು ನಿಂತು ಹೋಗುವಾಗ ಶುರುವಾಯಿತು ನೋಡಿ. ಒಂದು, ಎರಡು, ಮೂರು. ಮೂರನೇ ಜರ್ಕಿಗೆ ಅವರು ಕನ್ನಡಿಯಲ್ಲಿ ನನ್ನ ಕಡೆ ನೋಡಿ ಹೇಳಿದರು, "ಇದು ಡ್ರೈವಿಂಗ್ ಅಲ್ಲಮ್ಮ. ಕ್ಲಚ್ ಲರ್ನಿಂಗ್ ತಪ್ಪಿದೆ."

ಸುಳ್ಳು ಯಾಕೆ, ಕಣ್ಣು ತುಂಬಿ ಬಂತು. ಕಾರು ಕೆಟ್ಟಿದೆ ಅಂತ ಯಾರಾದರೂ ಹೇಳಿದಾಗ ಖುಷಿ ಪಟ್ಟವಳು ನಾನೊಬ್ಬಳೇ ಇರಬೇಕು!

ಮಾರನೇ ದಿನ ಸ್ಕ್ಯಾನರ್ ಹಾಕಿ ನೋಡಿದರು. ಸಾಫ್ಟ್‌ವೇರ್ ಹೊಸದು ಹಾಕಿ, ಕ್ಲಚ್ ಕಚ್ಚೋ ಜಾಗವನ್ನ ಕಂಪ್ಯೂಟರಿಗೆ ಮತ್ತೆ ಕಲಿಸಿದರು. ಅರ್ಧ ದಿನದ ಕೆಲಸ, ವಾರಂಟಿಯಲ್ಲೇ ಆಯಿತು. ಜರ್ಕು ಮತ್ತೆ ಬಂದರೆ ಆಕ್ಚುಯೇಟರ್ ಪರೀಕ್ಷಿಸಬೇಕು ಅಂತ ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡೆ. ನಾಲ್ಕು ತಿಂಗಳಾಯಿತು, ಧಡ್ ಇಲ್ಲ. ಕಡು ಬಿಸಿಲಲ್ಲಿ, ತುಂಬಾ ಹೊತ್ತು ತೆವಳಿ ಬಂದು ಬೇಸ್‌ಮೆಂಟಿನ ಏರು ಹತ್ತಿಸಿದರೆ ಚೂರು ನಡುಕ ಈಗಲೂ ಇದೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡ್ತೀನಿ. ತಲೆಯಾಡಿಸೋದು ಹೇಗೂ ಇದ್ದೇ ಇದೆ, ಅದರ ಹುಟ್ಟುಗುಣ.

ಎ.ಎಂ.ಟಿ. ಇಟ್ಟುಕೊಂಡವರಿಗೆ ನಾನು ಕಂಡುಕೊಂಡ ಒಂದೆರಡು ಮಾತು:

- ಗೇರು ಬದಲಾಗೋ ಕ್ಷಣಕ್ಕೆ ಆಕ್ಸಿಲರೇಟರಿನಿಂದ ಕಾಲನ್ನ ಸ್ವಲ್ಪ ಹಗುರ ಮಾಡಿದರೆ ತಲೆಯಾಡಿಸೋದು ಕಮ್ಮಿಯಾಗುತ್ತೆ. ವಾರದಲ್ಲಿ ಅಭ್ಯಾಸ ಆಗುತ್ತೆ.
- ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡು ಕಾರನ್ನ ನಿಲ್ಲಿಸಿಕೊಳ್ಳಬೇಡಿ, ಕ್ಲಚ್ ಸುಡುತ್ತೆ. ಬ್ರೇಕು ಅಥವಾ ಹ್ಯಾಂಡ್‌ಬ್ರೇಕ್ ಇರೋದೇ ಅದಕ್ಕೆ.
- ಜಾಮಿನಲ್ಲಿ ಅಂಗುಲ ಅಂಗುಲ ಮುಂದೆ ಹೋಗೋ ಬದಲು, ಮುಂದೆ ಸ್ವಲ್ಪ ಜಾಗ ಬಿಟ್ಟುಕೊಂಡು ಒಂದೇ ಸಲ ಹೋಗಿ. (ಆ ಜಾಗಕ್ಕೆ ಸ್ಕೂಟರಿನವರು ಮೂಗು ತೂರಿಸೋದು ಗ್ಯಾರಂಟಿ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ!)
- ಘಾಟಿಯಲ್ಲಿ, ಉದ್ದದ ಏರಿನಲ್ಲಿ ಮ್ಯಾನುಯಲ್ ಮೋಡಿಗೆ ಹಾಕಿ. ಮುಂದೆ ತಿರುವಿದೆ ಅಂತ ಕಾಣೋದು ನಿಮಗೆ, ಕಂಪ್ಯೂಟರಿಗಲ್ಲ.

ಇದೆಲ್ಲ ಮಾಡಿಯೂ ಕಾರು ಗುದ್ದುತ್ತಿದ್ದರೆ ಅದು ಕಾರಿನದ್ದೇ ತೊಂದರೆ. ಅದೇ ರಸ್ತೆ, ಅದೇ ಹೊತ್ತು, ಬಿಸಿಯಾದ ಕಾರು, ಮೆಕ್ಯಾನಿಕ್ಕಿನ ಕೈಯಲ್ಲಿ ಸ್ಟೇರಿಂಗು: ಹೀಗೆ ಪರೀಕ್ಷೆ ಮಾಡಿಸಿ. ಪ್ರತಿ ಸಲದ ಜಾಬ್ ಕಾರ್ಡ್ ಇಟ್ಟುಕೊಳ್ಳಿ. ತೊಂದರೆ ಇರುವಾಗ "ಸರಿಯಾಗಿದೆ" ಅನ್ನೋ ಸಾಲಿನ ಕೆಳಗೆ ಸುಮ್ಮನೆ ಸಹಿ ಹಾಕಬೇಡಿ, "ತೊಂದರೆ ಹಾಗೇ ಇದೆ" ಅಂತ ನಿಮ್ಮ ಕೈಯಾರೆ ಬರೆದು ಸಹಿ ಹಾಕಿ. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಕೊಟ್ಟ ಬೆಲೆ ಐವತ್ತು ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ನನಗೆ ಅಲ್ಲಿವರೆಗೆ ಹೋಗೋ ಪ್ರಸಂಗ ಬರಲಿಲ್ಲ, ಪುಣ್ಯ.

ಒಂದು ವಿಷಯ ಮಾತ್ರ ಇನ್ನೂ ಮನಸ್ಸಿನಲ್ಲಿದೆ. ಆ ಹುಡುಗ ಕೆಟ್ಟವನಲ್ಲ. ಅವನಿಗೂ ಯಾರೋ "ಅದು ಹಾಗೇ" ಅಂತ ಹೇಳಿಕೊಟ್ಟಿರ್ತಾರೆ, ಅವನು ನನಗೆ ಹೇಳಿದ. ಆದರೆ ಆ ಎರಡು ಪದ ಕೇಳಿ, ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಕಾರಿನ ಕೀಲಿಯನ್ನ ಮೊಳೆಗೆ ನೇತುಹಾಕಿದ ಹೆಂಗಸರು ಎಷ್ಟು ಜನ ಇದ್ದಾರೋ. ನನಗೇ ಗೊತ್ತಿರೋ ಹಾಗೆ ಇಬ್ಬರಿದ್ದಾರೆ. ಒಬ್ಬರಿಗೆ ಮೊನ್ನೆ ಫೋನ್ ಮಾಡಿ ಈ ಕಥೆಯನ್ನೆಲ್ಲ ಹೇಳಿದೆ. ಶನಿವಾರ ಸಂಜೆ ಆರು ಗಂಟೆಗೆ ಅವರ ಕಾರಿನಲ್ಲಿ ಹೋಗ್ತಾ ಇದೀವಿ. ನಾನು ನೋಟ್‌ಬುಕ್ ಹಿಡಿದುಕೊಂಡು ಪಕ್ಕದ ಸೀಟಿನಲ್ಲಿ.

ನಿಮ್ಮ ಕಾರಿಗೂ ಇಂಥ ಜರ್ಕಿನ ಕಾಟ ಇದ್ದರೆ, ನೀವು ಏನು ಮಾಡಿದಿರಿ ಅಂತ ಬರೀರಿ.