ಷಾರ್ಲಟ್ ಬೀದಿಯಲ್ಲಿ ಹಿಮಾಲಯ

ಲಂಡನ್ ಮಹಾನಗರದಲ್ಲಿ ನೋಡತಕ್ಕ ಸ್ಥಳಗಳು ಅನೇಕವುಂಟು. ಅವುಗಳ ಪಟ್ಟಿಯಲ್ಲಿ ಷಾರ್ಲಟ್ ಬೀದಿಯ ಹೆಸರನ್ನು ಸೇರಿಸುವವರು ವಿರಳ. ಗೂಜ್ ಸ್ಟ್ರೀಟ್ ಎಂಬ ಸುರಂಗ ರೈಲಿನ ನಿಲ್ದಾಣದಿಂದ ಮೇಲಕ್ಕೆ ಬಂದರೆ ಅದು ಕೆಲವೇ ನಿಮಿಷಗಳ ನಡಿಗೆ. ಇಕ್ಕೆಲಗಳಲ್ಲಿಯೂ ಭೋಜನಶಾಲೆಗಳು, ಕಚೇರಿಗಳು. ಇಲ್ಲಿ ಹಿಂದೆ ಸ್ಕಾಲಾ ಎಂಬ ನಾಟಕಶಾಲೆಯಿದ್ದಿತು. 1969ರಲ್ಲಿ ಅದನ್ನು ಕೆಡವಿದರು. ನಾವು ಆ ಬೀದಿಯಲ್ಲಿ ನಡೆದಾಗ ಅದರ ಕುರುಹೇನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಆದರೂ ಅಲ್ಲಿಗೆ ಹೋದುದಕ್ಕೆ ಕಾರಣವಿದ್ದಿತು. 1924ನೆಯ ಡಿಸೆಂಬರಿನಲ್ಲಿ ಆ ರಂಗದ ಮೇಲೆ ಹಿಮವಂತನೇ ಬಂದು ನಿಂತಿದ್ದನು.

ಅದೇ ವರ್ಷ ಜೂನ್ 8ರಂದು ಜಾರ್ಜ್ ಮ್ಯಾಲರಿ ಮತ್ತು 22 ವರ್ಷದ ತರುಣ ಆಂಡ್ರ್ಯೂ ಇರ್ವಿನ್ ಎವರೆಸ್ಟ್ ಶಿಖರವನ್ನೇರಹೋಗಿ, ಮೇಘಗಳ ಮರೆಯಲ್ಲಿ ಅದೃಶ್ಯರಾದರು. ಅವರೊಡನೆ ಹೋಗಿದ್ದ ಕ್ಯಾಪ್ಟನ್ ಜಾನ್ ನೋಯಲ್ ಎಂಬ ಛಾಯಾಗ್ರಾಹಕನು, ಆ ಯಾತ್ರೆಯ ಚಿತ್ರಗಳ ಹಕ್ಕಿಗಾಗಿ 8,000 ಪೌಂಡುಗಳನ್ನು ತೆರಲು ಒಪ್ಪಿದ್ದನು. ಮೈಲಿಗೂ ಮಿಕ್ಕ ದೂರದಿಂದ ದೂರದರ್ಶಕ ಮಸೂರದ ಮೂಲಕ ಅವನು ಚಿತ್ರಗಳನ್ನು ತೆಗೆದನು. ಹುಡುಕಹೋದವರು ಹಿಮದ ಮೇಲೆ ಕಂಬಳಿಗಳನ್ನು ಶಿಲುಬೆಯಾಕಾರದಲ್ಲಿ ಹಾಸಿದರು. ಹೋದವರ ಸುಳಿವಿಲ್ಲವೆಂಬುದೇ ಆ ಸಂಕೇತದ ಅರ್ಥ.

ಈ ಚಿತ್ರಗಳನ್ನು ಜನಕ್ಕೆ ತೋರಿಸಿದ ಬಗೆ ವಿಲಕ್ಷಣವಾದುದು. ತೆರೆಯೆದ್ದೊಡನೆ ರಂಗದ ಮೇಲೆ ಟಿಬೆಟ್ಟಿನ ಮಠದ ಅಂಗಳ. ಅದರ ಹಿಂದೆ ಬಣ್ಣದಲ್ಲಿ ಬರೆದ ಹಿಮಶೃಂಗಗಳು. ಗ್ಯಾಂಟ್ಸೆಯಿಂದ ಕರೆತಂದಿದ್ದ ಏಳು ಮಂದಿ ಲಾಮಾಗಳು ಕಹಳೆ, ತಾಳ, ಭೇರಿಗಳೊಡನೆ ಮಂತ್ರಪಠನ ಮಾಡಿ ನರ್ತಿಸಿದರು. ಅನಂತರ ಮೂಕಚಿತ್ರವು ಮೊದಲಾಯಿತು. ಮುಂದೆ ಅಮೆರಿಕದಲ್ಲಿಯೂ ನೋಯಲ್ ಈ ಚಿತ್ರಗಳನ್ನಿಟ್ಟುಕೊಂಡು ತಾನೇ ಸಭೆಯೆದುರು ನಿಂತು ಕಥೆ ಹೇಳಿದನು. ನಮ್ಮ ಹರಿಕಥೆಯ ದಾಸರನ್ನು ಬಲ್ಲ ವಾಚಕರಿಗೆ, ಮಾತು ಚಿತ್ರಕ್ಕೆ ಎಷ್ಟು ಜೀವ ತುಂಬುವುದೆಂದು ಹೇಳಬೇಕಾಗಿಲ್ಲ.

ಆದರೆ ಟಿಬೆಟ್ಟಿನ ಸರಕಾರಕ್ಕೆ ಇದು ರುಚಿಸಲಿಲ್ಲ. ಸನ್ಯಾಸಿಗಳನ್ನು ಅನುಮತಿಯಿಲ್ಲದೆ ಕರೆದೊಯ್ದು ನಾಟಕಶಾಲೆಯಲ್ಲಿ ಕುಣಿಸಿದರೆಂದೂ, ಚಿತ್ರದ ಕೆಲವು ದೃಶ್ಯಗಳು ತಮ್ಮ ಜನವನ್ನು ಹಾಸ್ಯಾಸ್ಪದವಾಗಿಸಿದವೆಂದೂ ಅವರಿಗೆ ಅಸಮಾಧಾನವಾಯಿತು. ಲಾಮಾಗಳನ್ನು ಹಿಂದಿರುಗಿಸಬೇಕೆಂದು ಕೇಳಿದರು. ಬೇರೆ ರಾಜಕೀಯ ಕಾರಣಗಳೂ ಸೇರಿ, 1933ರವರೆಗೆ ಮತ್ತಾವ ತಂಡವೂ ಆ ಪರ್ವತಕ್ಕೆ ಹೋಗಲಾಗಲಿಲ್ಲ. ಒಂದು ಸಂಜೆಯ ವಿನೋದವು ಹಲವು ವರ್ಷಗಳ ದಾರಿಯನ್ನು ಮುಚ್ಚಿತು.

ಇನ್ನೊಂದು ಮಾತು. ಆ ಯಾತ್ರೆಯಲ್ಲಿ ಶಂಷೇರ್ ಪುನ್ ಎಂಬ ಗೂರ್ಖಾ ಸಿಪಾಯಿಯೂ, ಮಾನ್ ಬಹದೂರ್ ಎಂಬ ಪಾದರಕ್ಷೆ ಹೊಲಿಯುವವನೂ ಪ್ರಾಣ ಕಳೆದುಕೊಂಡರು. ಮ್ಯಾಲರಿಯ ದೇಹವು 1999ರಲ್ಲಿ ದೊರೆತಾಗ ಲೋಕವೆಲ್ಲ ಅದನ್ನು ಚರ್ಚಿಸಿತು. ಈ ಇಬ್ಬರನ್ನು ಸ್ಮರಿಸುವವರು ಎಷ್ಟು ಮಂದಿ?

ಕಾಳಿದಾಸನು ಕುಮಾರಸಂಭವದ ಆದಿಯಲ್ಲಿ ಹಿಮಾಲಯವನ್ನು ವರ್ಣಿಸುವಾಗ, ಬೆಟ್ಟದ ಔನ್ನತ್ಯದೊಡನೆ ಅಲ್ಲಿ ಸಂಚರಿಸುವ ಕಿರಾತರನ್ನೂ ಮರೆಯುವುದಿಲ್ಲ. ಸಾಹಸದ ಕಥೆ ಹೇಳುವವರಿಗೆ ಈ ನೋಟ ಅವಶ್ಯ. 2013ರಲ್ಲಿ ಜೀರ್ಣೋದ್ಧಾರಗೊಂಡ ಆ ಚಿತ್ರವನ್ನು ಈಗಲೂ ನೋಡಬಹುದು. ಮನೆಯ ಮಕ್ಕಳಿಗೆ ಅದನ್ನು ತೋರಿಸುವ ಗೃಹಸ್ಥರು, ಶಿಖರದತ್ತ ಏರುತ್ತಿರುವ ಕಪ್ಪು ಚುಕ್ಕೆಗಳೊಡನೆ, ಕೆಳಗೆ ಹೊರೆ ಹೊತ್ತು ನಡೆಯುತ್ತಿರುವವರ ಸಾಲನ್ನೂ ಬೆರಳಿಟ್ಟು ತೋರಿಸಬೇಕೆಂದು ನಮ್ಮ ಬಿನ್ನಹ.