ಕೆಮ್ಮಿನಲ್ಲಿ ರಕ್ತ ಬಂದರೆ ಟಿಬಿಯೇ ಆಗಬೇಕಿಲ್ಲ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಸುದ್ದಿ ಕಳಿಸುವ ನಮಗೆ ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಕೂತು ಮಾತು ಕೇಳುವುದೂ ಕೆಲಸವೇ. ‘ನಾಕ ಹೆಜ್ಜಿ ನಡದ್ರ ದಮ್ ಹತ್ತತದ್ರಿ’ ಅಂದ ಹೆಣ್ಣುಮಕ್ಕಳಿಗೆ ‘ರಕ್ತ ಕಡಿಮಿ ಅದ’ ಎಂಬ ಉತ್ತರ, ಕಬ್ಬಿಣದ ಗುಳಿಗೆ ಸಿಗುತ್ತದೆ. ನಮ್ಮ ಕಡೆ ರಕ್ತಹೀನತೆ ಸುಳ್ಳಲ್ಲ. ಅದಕ್ಕೇ ಅದರ ಹಿಂದೆ ಹೃದಯದ ಕವಾಟದ ರೋಗ ಅಡಗಿ ಕೂರುವುದು ಸುಲಭ.

ಜೇವರ್ಗಿ ಕಡೆಯ ಒಬ್ಬ ಗರ್ಭಿಣಿಗೆ ಏಳನೇ ತಿಂಗಳಲ್ಲಿ ಕೆಮ್ಮಿನೊಂದಿಗೆ ರಕ್ತ ಬಂತು. ಮನೆಯವರು ಟಿಬಿ ಎಂದು ತಟ್ಟೆ, ಲೋಟ ಬೇರೆ ಇಟ್ಟರು. ಎರಡು ಸಲ ಕಫ ಪರೀಕ್ಷೆ ಮಾಡಿಸಿದರೂ ಏನೂ ಸಿಗಲಿಲ್ಲ. ಕೊನೆಗೆ ಒಬ್ಬ ವೈದ್ಯೆ ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಸಣ್ಣಗೆ ಗುಡುಗುಡು ಸದ್ದು. ಎಕೋ ಮಾಡಿದಾಗ ಮೈಟ್ರಲ್ ಕವಾಟ ಕಿರಿದಾಗಿದ್ದು ಕಂಡಿತು.

ಇದರ ಬೇರು ಬಾಲ್ಯದ ಗಂಟಲುನೋವಿನಲ್ಲಿದೆ. ಎರಡು ಮೂರು ವಾರದ ನಂತರ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಬಾವು. ಅದು ವಾಸಿಯಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ವರ್ಷಗಳಾದ ಮೇಲೆ ಕವಾಟ ಕಿರಿದಾಗಿ ರಕ್ತದ ಒತ್ತಡ ಪುಪ್ಪುಸಕ್ಕೆ ತಿರುಗುತ್ತದೆ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ ಅಡಗಿದ್ದ ರೋಗ ಆಗ ಹೊರಬೀಳುತ್ತದೆ.

ಇನ್ನೂ ವಿಚಿತ್ರ ಲಕ್ಷಣಗಳಿವೆ. ಹಿಗ್ಗಿದ ಹೃದಯದ ಕೋಣೆಯಿಂದಾಗಿ ಧ್ವನಿಪೆಟ್ಟಿಗೆಯ ನರ ಒತ್ತಿ ದನಿ ಒಡೆಯಬಹುದು. ವಿಯೆನ್ನಾದ ವೈದ್ಯ ಆರ್ಟ್ನರ್ 1897ರಲ್ಲೇ ಇದನ್ನು ಬರೆದಿಟ್ಟಿದ್ದ. ಹರೆಯದವರಿಗೆ ಲಕ್ವಾ ಹೊಡೆಯಬಹುದು. ಮಕ್ಕಳ ಕೈಕಾಲು ತಾವಾಗಿಯೇ ಕುಣಿಯಬಹುದು. ನಮ್ಮಲ್ಲಿ ಅದಕ್ಕೆ ‘ಗಾಳಿ ಸೋಕ್ಯಾದ’ ಅಂತಾರೆ, ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ. ದತ್ತನ ದರ್ಶನ ಆಗಲಿ, ಎದೆಗೆ ಸ್ಟೆತಸ್ಕೋಪೂ ಬೀಳಲಿ.

ಕಲಬುರಗಿಯಲ್ಲಿ ಜಯದೇವದ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಕಿರಿದಾದ ಕವಾಟವನ್ನು ಅನೇಕರಿಗೆ ಎದೆ ಸೀಳದೆ ಬಲೂನಿನಿಂದಲೇ ಹಿಗ್ಗಿಸಬಹುದು. ಆದರೆ ದೊಡ್ಡ ಆಸ್ಪತ್ರೆಗೆ ಹೋಗುವ ಚೀಟಿ ಬರೆಯಬೇಕಾದ್ದು ಹಳ್ಳಿಯಲ್ಲೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ರೋಗಪಟ್ಟಿಯಲ್ಲಿ ಈ ಹೃದ್ರೋಗದ ಹೆಸರೂ ಇದೆ. ಶಾಲೆಗೆ ಬರುವ ತಂಡ ತೂಕ, ಎತ್ತರ ಬರೆದುಕೊಳ್ಳುವಾಗ ‘ಮೊಣಕಾಲು ಬಾತಿತ್ತೇನು?’ ಎಂದು ಒಂದು ಮಾತು ಕೇಳಲಿ. ಮೊದಲೇ ಗೊತ್ತಾದರೆ ಮೂರು ನಾಲ್ಕು ವಾರಕ್ಕೊಂದು ಪೆನ್ಸಿಲಿನ್ ಸೂಜಿ ಜ್ವರ ಮರಳದಂತೆ ತಡೆಯುತ್ತದೆ, ಕವಾಟವೂ ಉಳಿಯುತ್ತದೆ.

ನಾವು ಸುದ್ದಿಗಾರರು ಹೊಸ ಕಟ್ಟಡದ ಫೋಟೊ ಕಳಿಸಿದ್ದಾಯಿತು. ಇನ್ನು ನಮ್ಮ ಉಪಕೇಂದ್ರಗಳಲ್ಲಿ ಆ ಸೂಜಿ ತಪ್ಪದೆ ಸಿಗುತ್ತದೋ ಇಲ್ಲವೋ ಎಂದು ತಿಂಗಳಿಗೊಮ್ಮೆ ಕೇಳೋಣ.