10 ಅಡಿ ಮೇಲಿನ ಬುಟ್ಟಿ

"ಅಮ್ಮಾ, ಇದೇ ಕಡೇ ವರ್ಷ. ಒಂದ್ಸಲ ಆದ್ರೂ ನೋಡಲೆ ಬಾರೇ."

ಮಗಳ ಫೋನು ಬಂದಾಗ ಯಮ್ಮನೆ ಅಂಗಳದಲ್ಲಿ ಅಡಕೆ ರಾಶಿ. ಸುಲಿಯಲೆ ಜನ, ಒಲೆ ಮೇಲೆ ಹಂಡೆ, ಎರಡು ಹೊತ್ತು ಚಾ-ತಿಂಡಿ. ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯ ಶಿವಮೊಗ್ಗದಲ್ಲಿ. "ಚೆಂಡಾಟ ನೋಡಲೆ ಸುಗ್ಗಿ ಬಿಟ್ಟು ಹೋಗವನೇ?" ಹೇಳಿ ಅತ್ತೆ ಕೇಳ್ಚು. ಖರೆ ಹೇಳ್ತಿ, ಯಂಗೂ ಹಾಂಗೇ ಅನಿಸಿತ್ತು. ಹಿಂದಿನ ಎರಡು ವರ್ಷನೂ "ಮುಂದಿನ ಸಲ ಬತ್ತಿ" ಹೇಳಿ ತಪ್ಪಿಸ್ಕ್ಯಂಡಿದ್ದಿ.

ಈ ಕೂಸು ಹೈಸ್ಕೂಲಲ್ಲಿ ಇದ್ದಾಗ ಮನೆ ಹಿಂದಿನ ಹಲಸಿನ ಮರಕ್ಕೆ ಕಬ್ಬಿಣದ ಬಳೆ ಕಟ್ಟಿಸ್ಕ್ಯಂಡಿತ್ತು. ಅದ್ರ ಅಪ್ಪಯ್ಯ ದೋಟಿ ಹಿಡಿದು ಅಳೆದು ಸಮಾ 10 ಅಡಿಗೆ ಕಟ್ಟಿಕೊಟ್ಟಿದ್ದ. ಹುಲಿಕಲ್ ಮಳೆ ನಿಂಗಕ್ಕೆ ಗೊತ್ತಿದ್ದಲ. ಅಂಗಳದಲ್ಲಿ ಚೆಂಡು ಪುಟಿಯದೇ ಇಲ್ಲೆ, ಕೆಸರಲ್ಲಿ ಹೂತು ಹೋಗ್ತು. ಜಗಲಿ ಮೇಲೆ ಪುಟಿಸಿ ಅಜ್ಜಿ ಹತ್ರ ಬೈಸ್ಕ್ಯಂಬದೇ ಮಳೆಗಾಲದ ಪ್ರಾಕ್ಟೀಸು.

ಈ ಆಟ ಹುಟ್ಟಿದ್ದೂ ಖರೇ ಬುಟ್ಟಿಯಿಂದಲೇ ಅಡ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಲ್ಲಿ ಜೇಮ್ಸ್ ನೈಸ್ಮಿತ್ ಹೇಳ ಮೇಷ್ಟ್ರು ಪೀಚ್ ಹಣ್ಣಿನ ಎರಡು ಬುಟ್ಟಿ ಎತ್ತರದಲ್ಲಿ ಹೊಡೆಸಿದ್ರಡ. ಚೆಂಡು ಒಳಗೆ ಬಿದ್ರೆ ಏಣಿ ಹತ್ತಿ ತೆಗೆಯವು! ಮರುವರ್ಷವೇ ಸೆಂಡಾ ಬೆರೆನ್ಸನ್ ಹೇಳವು ಸ್ಮಿತ್ ಕಾಲೇಜಿನ ಕೂಸುಗಳಿಗೆ ಕಲಿಸಿದ್ರಡ. ಹೆಂಗಸ್ರಿಗೆ ಇದು ಹೊಸ ಆಟ ಏನಲ್ಲ.

ಕಡಿಗೆ ಅತ್ತೆಯೇ "ಹೋಗಿಕ್ಕೆ ಬಾ, ಚಾ ಆನು ಮಾಡ್ತಿ" ಹೇಳ್ಚು. ಬೆಳಗಿನ ಬಸ್ಸು ಮಾಸ್ತಿಕಟ್ಟೆ, ಯಡೂರು, ತೀರ್ಥಹಳ್ಳಿ ಹೇಳಿ ನಿಂತು ನಿಂತು ಹೋತು. ಶಿವಮೊಗ್ಗ ಮುಟ್ಟದ್ರೊಳಗೆ ಸೆಮಿಫೈನಲ್ ಅರ್ಧ ಮುಗಿದಿತ್ತು.

10 ನಿಮಿಷದ 4 ಕ್ವಾರ್ಟರು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಕಾಲೇಜು ಇದ್ರಲ್ಲಿ ಬತ್ತ. ನಾಕೌಟು, ಒಂದು ಸೋತ್ರೆ ಮನೆಗೆ. ಇಲ್ಲಿ ಚೊಲೋ ಆಡಿದ 12 ಜನ ವಿಶ್ವವಿದ್ಯಾಲಯದ ತಂಡ ಸೇರಿ ದಕ್ಷಿಣ ವಲಯದ ಪಂದ್ಯಕ್ಕೆ ಹೋಪದು. ಅಲ್ಲಿ ಮೊದಲ 4 ತಂಡಕ್ಕೆ ಅಖಿಲ ಭಾರತ ಮಟ್ಟ. ಇದನ್ನೆಲ್ಲ ಪಕ್ಕದಲ್ಲಿ ಕೂತಿದ್ದ ಒಂದು ಕೂಸು ಯಂಗೆ ಹೇಳಿಕೊಡ್ಚು.

ಯಮ್ಮನೆ ಕೂಸು ಯನ್ನ ನೋಡಿ ಕೈ ಎತ್ಚು. ಒಂದು ಚೆಂಡು ಬುಟ್ಟಿಗೆ ಹಾಕ್ಚು. ಆನು ಎದ್ದು ಕೂಗಿಬಿಟ್ಟಿ! ಐದಾರು ನಿಮಿಷ ಆಗಿಕ್ಕು, ಸೀಟಿ ಊದಿದ್ರು. ಅದರದ್ದು 5ನೇ ಫೌಲು. 5 ಆದ್ರೆ ಹೊರಗೆ. ಮತ್ತೆ ಒಳಗೆ ಬಪ್ಪಲೆ ಇಲ್ಲೆ.

ಬೆಂಚಲ್ಲಿ ಕೂತು ಟವೆಲ್ಲಲ್ಲಿ ಮುಖ ಮುಚ್ಚಿಕ್ಯಂಡ್ಚು. ಯನ್ನ ಹೊಟ್ಟೆ ಕಿವುಚಿದಾಂಗಾತು. ಸ್ವಲ್ಪ ಹೊತ್ತಿಗೆ ಟವೆಲ್ಲು ತೆಗೆದು, ತನ್ನ ಜಾಗಕ್ಕೆ ಹೋದ ಸಣ್ಣ ಕೂಸಿನ ಹೆಸರು ಹಿಡಿದು ಗಂಟಲು ಹರಿಯಹಾಂಗೆ ಕೂಗಲೆ ಶುರು ಮಾಡ್ಚು. ಬಿಡುವಿನಲ್ಲಿ ಎಲ್ಲರಿಗೂ ನೀರು ಕೊಡ್ಚು. 4 ಪಾಯಿಂಟಲ್ಲಿ ಸೋತ. ವಿಶ್ವವಿದ್ಯಾಲಯದ ತಂಡದಲ್ಲೂ ಅದರ ಹೆಸರು ಬೈಂದಿಲ್ಲೆ.

ವಾಪಸ್ ಬಸ್ಸಲ್ಲಿ ಯನ್ನ ಹೆಗಲಿಗೆ ಒರಗಿ ಹೇಳ್ಚು: "ಸೋತಿದ್ದಕ್ಕೆ ಬೇಜಾರಿಲ್ಲೆ ಅಮ್ಮಾ. ಹೋದ ವರ್ಷ ಫೈನಲ್ ಆಡಿದ್ಯ, ಅದನ್ನ ನೀ ನೋಡವಾಗಿತ್ತು."

ಯಂಗೆ ಮಾತೇ ಬೈಂದಿಲ್ಲೆ. ಹೋದ ವರ್ಷ ಎಂತ ಕೆಲಸ ಇತ್ತು ಹೇಳಿ ನೆನಪು ಮಾಡ್ಕ್ಯಂಡಿ, ನೆನಪೇ ಆಜಿಲ್ಲೆ. ಅಡಕೆ ವರ್ಷವೂ ಬತ್ತು. ಆ ಫೈನಲ್ ಬತ್ತಿಲ್ಲೆ.

ಮನೆ ಮುಟ್ಟಕಾರೆ ಕತ್ತಲಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತಿತ್ತು. "ಗೆದ್ದನೇ?" ಹೇಳಿ ಕೇಳ್ಚು.

"ಇಲ್ಲೆ ಅಜ್ಜಿ, ಸೋತ್ಯ."

"ಹಂಗಾರೆ ಕೈಕಾಲು ತೊಳ್ಕಂಡು ಬಾ. ಬಿಸಿ ಅನ್ನ ಇದ್ದು."

ಮಕ್ಕ ಕರೆದ್ರೆ ಹೋಗಿಬಿಡಿ ಮಾರಾಯ್ತಿಯಕ್ಕಳೇ. ಪೂರ್ತಿ ಆಟ ಸಿಕ್ಕದಿದ್ರೆ ಐದು ನಿಮಿಷ ಆದ್ರೂ ಸಿಕ್ತು.